ಟ್ಯೂಬಕ್ಕನ ಇಳಿಜಾರು

ಬಸ್ ಡಿಪೋದ ಅಂಗಳದಲ್ಲಿ ಯಾರಾದರೂ "ಕಂಡಕ್ಟರ್" ಎಂದು ಕೂಗಿದರೆ ಟಿಕೆಟ್ ಕೊಡುವವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಿದ್ದರು. ಆದ್ದರಿಂದ ಡಿಪೋ ಬ್ಯಾಂಡಿನ ಮುಂದೆ ನಿಂತು ಕೋಲು ಆಡಿಸುವವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಗಲು ಅವರು ಬಿಡಿಭಾಗಗಳ ಸ್ಟೋರು ನೋಡಿಕೊಳ್ಳುವವರು. ಸಂಜೆ ಪಾಳಿ ಮುಗಿದ ಮೇಲೆ ಟೈರ್ ಗೋದಾಮಿನಲ್ಲಿ, ಟೈರುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ಅಭ್ಯಾಸ ನಡೆಸುತ್ತಿದ್ದರು. ಊದುವವರು, ಬಡಿಯುವವರು ಎಲ್ಲ ಡಿಪೋದವರೇ. ಗ್ರೀಸಿನ ಕೈಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಂದು ಕ್ಲಾರಿನೆಟ್ ಹಿಡಿಯುವವರು. ಕೊನೆಯ ಸಾಲಿನಲ್ಲಿ, ತನ್ನ ಮೈಯಷ್ಟೇ ದೊಡ್ಡದಾದ ಹಿತ್ತಾಳೆಯ ಟ್ಯೂಬಾವನ್ನು ಹಟಮಾರಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಊದುವವಳು ಟ್ಯೂಬಕ್ಕ. ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ಯಾವ ದಿನವೂ ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಆ ವರ್ಷ ಬ್ಯಾಂಡಿಗೆ ಐವತ್ತು ತುಂಬುವುದಿತ್ತು. ಮೇಷ್ಟ್ರು ಒಂದು ಸಂಜೆ ಕೋಲನ್ನು ಟೈರಿನ ಮೇಲಿಟ್ಟು ಹೇಳಿದರು:

"ಇಷ್ಟು ವರ್ಷ ಬೇರೆಯವರ ಅಂಗಿ ಹಾಕ್ಕೊಂಡು ಮೆರೆದಿದ್ದಾಯ್ತು. ಈ ಸಲ ನಮ್ಮ ಅಳತೆಗೇ ಹೊಲಿಸೋಣ. ಹೊಸ ಸಂಗೀತ. ನಮಗೆ ಅಂತಾನೇ ಬರೆಸೋದು."

"ಯಾವುದರ ಮೇಲೆ ಮೇಷ್ಟ್ರೇ?" ಎಂದ ಟ್ರಂಪೆಟ್ ಊದುವ ಡ್ರೈವರ್. ರಸ್ತೆಯಲ್ಲಿ ನಾಯಿ ಮಲಗಿದ್ದರೂ ಸರಿ, ನೆರಳು ಬಿದ್ದಿದ್ದರೂ ಸರಿ, ಹಾರನ್ ಬಾರಿಸುವ ಇವನಿಗೆ ಹಾರ್ನಣ್ಣ ಎಂಬ ಹೆಸರು ತಾನಾಗಿಯೇ ಅಂಟಿತ್ತು.

"ಬೆಟ್ಟದ ಮೇಲೆ. ಇನ್ಯಾವುದರ ಮೇಲೆ? ನಮ್ಮ ಅನ್ನ ಇರೋದೇ ಆ ಬೆಟ್ಟದ ರಸ್ತೇಲಿ."

ಗೋದಾಮು ಚಪ್ಪಾಳೆಯಿಂದ ತುಂಬಿತು. ಒಂದು ಗಳಿಗೆ ತಡವಾಗಿ ಟ್ಯೂಬಕ್ಕನೂ ಚಪ್ಪಾಳೆ ತಟ್ಟಿದಳು. ಆಮೇಲೆ ಟ್ಯೂಬಾ ಊದಲು ಹೋದರೆ ತುಟಿ ಒಣಗಿ ಕಾಗದವಾಗಿತ್ತು.

ಕೆಲವು ವರ್ಷಗಳ ಹಿಂದೆ ಬೆಟ್ಟದ ಬಸ್ಸು ಓಡಿಸುತ್ತಿದ್ದವಳು ಇವಳೇ. ಒಂದು ಬೆಳಗ್ಗೆ ಮೇಲಿನ ಹಳ್ಳಿಗಳ ಜನರನ್ನು ತುಂಬಿಕೊಂಡು ಇಳಿಯುತ್ತಿದ್ದಾಗ ಬ್ರೇಕು ಕೈಕೊಟ್ಟಿತು. ಮುನ್ಸೂಚನೆ ಏನೂ ಇರಲಿಲ್ಲ. ಬ್ರೇಕಿನ ಗಾಳಿ ಎಷ್ಟಿದೆಯೆಂದು ತೋರಿಸುವ ಮೀಟರಿನ ಮುಳ್ಳು ತುಂಬಿದ ಜಾಗದಲ್ಲೇ ನಿಂತಿತ್ತು. ಪೆಡಲ್ಲು ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತಿತ್ತು. ಎಲ್ಲ ಸರಿಯಾಗಿದೆ ಎಂದು ಮುಳ್ಳು ಹೇಳುತ್ತಿದ್ದರೆ ಬಸ್ಸು ಮಾತ್ರ ಯಾರ ಮಾತೂ ಕೇಳದೆ ಓಡುತ್ತಿತ್ತು. ಸುಟ್ಟ ವಾಸನೆ ಬಂತು. ಅವಳು ಗೇರು ಒಂದೊಂದಾಗಿ ಇಳಿಸಿದಳು, ಎಂಜಿನ್ ಕಿರುಚಿತು. ಬಸ್ಸಿನ ಮಗ್ಗುಲನ್ನು ಬೆಟ್ಟದ ಗೋಡೆಗೆ ಉಜ್ಜಿ ಉಜ್ಜಿ ವೇಗ ಕಳೆದಳು. ಕೊನೆಗೆ, ಇಂಥ ಗಾಡಿಗಳಿಗೆಂದೇ ರಸ್ತೆಯ ಬದಿಯಲ್ಲಿ ಏರುಮುಖವಾಗಿ ಸುರಿದಿಟ್ಟಿದ್ದ ಜಲ್ಲಿಯ ದಿಬ್ಬಕ್ಕೆ ನುಗ್ಗಿಸಿ ನಿಲ್ಲಿಸಿದಳು. ಕಿಟಕಿ ಗಾಜುಗಳು ಹೋದವು, ಯಾರದೋ ಕೈ ಮುರಿಯಿತು. ಜೀವ ಯಾರದೂ ಹೋಗಲಿಲ್ಲ.

ವಿಚಾರಣೆಯಲ್ಲಿ ತಿಳಿದದ್ದು ಇಷ್ಟು: ಹಿಂದಿನ ಚಕ್ರಗಳ ಎಣ್ಣೆ ತಡೆಯುವ ಸೀಲು ಒಡೆದು ಎಣ್ಣೆ ಬ್ರೇಕಿಗೆ ಇಳಿದಿತ್ತು, ಭಾರವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾದು ಸೋತಿತ್ತು. ಸೀಲು ಹೊಸದೇ ಆಗಿತ್ತು. ಯಾರ ತಪ್ಪೂ ಇರಲಿಲ್ಲ. ಡಿಪೋದವರು ಅವಳ ಫೋಟೋ ದೊಡ್ಡದು ಮಾಡಿಸಿ ಪಾಳಿಪಟ್ಟಿಯ ಪಕ್ಕ ತೂಗುಹಾಕಿದರು. ಅಟ್ಟ ಹತ್ತಿಸಿ ಏಣಿ ತೆಗೆದ ಹಾಗಾಯಿತು ಅವಳ ಪಾಡು.

ಅವಳನ್ನು ಕೊರೆಯುತ್ತಿದ್ದುದು ಯಾರ ತಪ್ಪೂ ಇರಲಿಲ್ಲ ಎಂಬುದೇ. ತಪ್ಪು ಮಾಡಿದ್ದರೆ ಇನ್ನೊಮ್ಮೆ ಆ ತಪ್ಪು ಮಾಡದಿದ್ದರಾಯಿತು. ಅವಳು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು, ಆದರೂ ಬ್ರೇಕು ಹಿಡಿದಿರಲಿಲ್ಲ. ಹಾಗಿದ್ದರೆ ಇನ್ನು ಯಾವುದನ್ನು ನಂಬುವುದು? ಬೆನ್ನುನೋವು ಎಂದು ಹೇಳಿ ವಿಚಾರಣೆ ಕೌಂಟರಿಗೆ ಕೆಲಸ ಬದಲಾಯಿಸಿಕೊಂಡಳು. ಗಾಜಿನ ಕಿಂಡಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಕೆಲಸ. ಬೆಟ್ಟದ ಬಸ್ಸು ಹೊರಟರೆ ಅದು ಕೆಳಗಿಳಿದು ಬಂತು ಎಂದು ಗೊತ್ತಾಗುವವರೆಗೂ ಅವಳ ಕಿವಿ ಗೇಟಿನ ಕಡೆಗೇ ಇರುತ್ತಿತ್ತು.

ಇದು ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಅವನು ಡಿಪೋದ ಎದುರು ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿದ್ದ. ತಲೆಗೂದಲು ತೊಳೆಯಲೆಂದು ಅವಳನ್ನು ಒಮ್ಮೆ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಹಿಂದಕ್ಕೆ ಬಾಗಿಸಿದಾಗ ಅವಳು ಎರಡೂ ಕೈಯಿಂದ ಕುರ್ಚಿಯ ಅಂಚನ್ನು ಗಬಕ್ಕನೆ ಹಿಡಿದು, ಬ್ರೇಕು ಒತ್ತುವ ಹಾಗೆ ಬಲಗಾಲನ್ನು ಗಾಳಿಯಲ್ಲಿ ಒತ್ತಿದ್ದಳು. ಅವನು ಏನೂ ಕೇಳದೆ ಕುರ್ಚಿಯನ್ನು ಮೆಲ್ಲಗೆ ನೆಟ್ಟಗೆ ಮಾಡಿದ್ದ.

ಸಂಗೀತ ಬರೆಯಲು ಒಪ್ಪಿದಾಕೆ ದೂರದ ದೊಡ್ಡ ಪಟ್ಟಣದವರು. ಗಿಡ್ಡ ಕತ್ತರಿಸಿದ ನರೆಗೂದಲು, ಹೆಗಲಿಗೆ ಒಂದು ಬಟ್ಟೆಚೀಲ, ಬರುವಾಗಲೇ ಅಂಟಿಸಿಕೊಂಡು ಬಂದಿದ್ದ ನೆಗಡಿ. ಗೋದಾಮಿನಲ್ಲಿ ಟೈರಿನ ಮೇಲೆ ಕೂತು, ಕರವಸ್ತ್ರದಿಂದ ಮೂಗು ಒತ್ತಿಕೊಳ್ಳುತ್ತಾ ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದರು. "ಬೆಟ್ಟ ಅಂದ್ರೆ ನಿಮಗೆ ಏನು ಕೇಳಿಸುತ್ತೆ?"

ಒಬ್ಬ ಗಾಳಿ ಎಂದ. ಒಬ್ಬ ಹದ್ದು ಎಂದ, ಹದ್ದಿನ ದನಿ ಹೇಗಿರುತ್ತದೆಂದು ಕೇಳಿದ್ದಕ್ಕೆ ತಲೆ ಕೆರೆದುಕೊಂಡ. ಹಾರ್ನಣ್ಣ "ನನ್ನ ಹಾರನ್ನೇ ಮೇಡಂ, ಎರಡು ಸಲ. ಒಂದು ನಾನು ಬಾರಿಸಿದ್ದು, ಒಂದು ಬೆಟ್ಟ ವಾಪಸ್ ಕೊಟ್ಟದ್ದು" ಎಂದು ಎಲ್ಲರನ್ನೂ ನಗಿಸಿದ. ಟ್ಯೂಬಕ್ಕನ ಸರದಿ ಬಂದಾಗ ಅವಳು "ಏನೂ ಇಲ್ಲ ಮೇಡಂ" ಎಂದಳು.

ಆಕೆ ಕರವಸ್ತ್ರ ಇಳಿಸಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನಾಳಿದ್ದು ಬೆಟ್ಟ ನೋಡಬೇಕು. ಯಾರು ಕರ್ಕೊಂಡು ಹೋಗ್ತೀರಿ?" ಎಂದರು.

"ನಮ್ಮ ಟ್ಯೂಬಕ್ಕ ಇರುವಾಗ ಬೇರೆ ಯಾರು ಬೇಕು?" ಎಂದರು ಮೇಷ್ಟ್ರು ಹೆಮ್ಮೆಯಿಂದ. "ಅಲ್ಲಿ ಫೋಟೋ ನೋಡಿದ್ರಲ್ಲ. ಒಂದು ದಿನ ಹಳೇ ಬಸ್ಸೊಂದನ್ನ ಬಿಟ್ಟುಕೊಡೋಕೆ ಮ್ಯಾನೇಜರಿಗೆ ನಾನು ಹೇಳ್ತೀನಿ."

ಎಲ್ಲರೂ ಹೌದೌದು ಎಂದರು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು. ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದು ಹೇಳುವುದಕ್ಕಿಂತ ಬೆಟ್ಟವೇ ವಾಸಿ ಎಂದು ಆ ಕ್ಷಣಕ್ಕೆ ಅನಿಸಿತು. ಅವಳು ತಲೆಯಾಡಿಸಿದಳು.

"ಬೆನ್ನುನೋವು ಅಂತ ಹೇಳಿಬಿಡೇ" ಎಂದ ಗಂಡ, ಮನೆಯಲ್ಲಿ ಕತ್ತರಿಗಳನ್ನು ಒರೆಸುತ್ತಾ.

"ಬೆನ್ನುನೋವಿರೋಳು ಟ್ಯೂಬಾ ಹೇಗೆ ಹೊರ್ತಾಳೆ ಅಂತ ಇಷ್ಟು ವರ್ಷ ಯಾರೂ ಕೇಳಿಲ್ಲ. ಈಗ ಕೇಳ್ತಾರೆ."

ಅವನು ಕತ್ತರಿಯನ್ನು ಎರಡು ಸಲ ಸುಮ್ಮನೆ ಆಡಿಸಿದ. "ಹಾಗಾದ್ರೆ ನಾನೂ ಬರ್ತೀನಿ."

"ನೀವು ಬಂದು ಏನು ಮಾಡ್ತೀರಿ?"

"ಏನೂ ಮಾಡಲ್ಲ. ಇಲ್ಲಿ ಕೂತಿದ್ರೆ ಯಾರದೋ ಕಿವಿ ಕತ್ತರಿಸಿ ಕೈಗೆ ಕೊಡ್ತೀನಿ. ಅದಕ್ಕಿಂತ ಅಂಗಡಿಗೆ ಬೀಗ ಹಾಕೋದು ಮೇಲು."

ಹೊರಡುವ ದಿನ ಅವಳು ಎಲ್ಲರಿಗಿಂತ ಮುಂಚೆ ಡಿಪೋಗೆ ಹೋಗಿ, ಗೋಣಿತಾಟು ಹಾಸಿಕೊಂಡು ಬಸ್ಸಿನ ಕೆಳಗೆ ಅಂಗಾತ ಮಲಗಿ, ಟಾರ್ಚು ಬಿಟ್ಟು ಒಂದೊಂದು ಚಕ್ರದ ಒಳಮೈಯನ್ನೂ ಬೆರಳಿಂದ ಸವರಿ ನೋಡಿದಳು. ಎಣ್ಣೆ ಇರಲಿಲ್ಲ. ಬೆರಳನ್ನು ಮೂಸಿದಳು. ಎದ್ದು ಬಟ್ಟೆ ಕೊಡವಿಕೊಂಡವಳು ಮತ್ತೆ ಮಲಗಿ ಇನ್ನೊಮ್ಮೆ ನೋಡಿದಳು. ಅಂದೂ ಇಲ್ಲಿ ಏನೂ ಕಂಡಿರಲಿಲ್ಲ ಎಂಬುದು ನೆನಪಾಗಿ ಟಾರ್ಚು ಆರಿಸಿದಳು.

ಹತ್ತುವಾಗ ಭಯ ಹಿಂದಿನ ಸೀಟಿನಲ್ಲೆಲ್ಲೋ ಕೂತಿತ್ತು. ಏರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬಸ್ಸು ತಾನೇ ನಿಂತುಹೋಗುತ್ತದೆ, ಅದೊಂದು ಧೈರ್ಯ. ಗಂಡ ಕಿಟಕಿಯ ಹತ್ತಿರ, ಸಂಗೀತ ಬರೆಯುವಾಕೆ ಎಂಜಿನ್ನಿನ ಪಕ್ಕದ ಒಂಟಿ ಸೀಟಿನಲ್ಲಿ. ಜಲ್ಲಿಯ ದಿಬ್ಬ ಬಂದಾಗ ಟ್ಯೂಬಕ್ಕ ಅದನ್ನು ನೋಡದೆ ಕನ್ನಡಿ ನೋಡಿದಳು. ಗಂಡ ಆ ಜಾಗವನ್ನು ಅದೇ ಮೊದಲ ಸಲ ಕಂಡದ್ದು. ಆಮೇಲೆ ನೆತ್ತಿಯವರೆಗೂ ಅವನಿಂದ ಒಂದು ಜೋಕೂ ಬರಲಿಲ್ಲ.

ನೆತ್ತಿ ತಲುಪುವಷ್ಟರಲ್ಲಿ ಮಂಜು ಕವಿಯಿತು. ಬಸ್ಸಿನಿಂದ ಇಳಿದರೆ ತಮ್ಮ ಚಪ್ಪಲಿಯೇ ಮಸುಕು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ, ಹತ್ತಿರದ ಬೆಟ್ಟ ಇರಲೇ ಇಲ್ಲ. ಆಕೆ ಚಳಿಗೆ ಶಾಲು ಬಿಗಿದುಕೊಂಡು ಸುತ್ತಲೂ ತಿರುಗಿ, "ಬೆಟ್ಟ ಎಲ್ಲಿ?" ಎಂದರು.

"ನಾವು ನಿಂತಿರೋದೇ ಅದರ ತಲೆ ಮೇಲೆ ಮೇಡಂ" ಎಂದ ಗಂಡ.

ಆಕೆ ನಕ್ಕರು, ನಗು ಸೀನಾಯಿತು. ಸಾಕಷ್ಟು ಹೊತ್ತು ಕಾದರು. ಮಂಜು ಕರಗಲಿಲ್ಲ. ಇನ್ನು ತಡಮಾಡಿದರೆ ಬೆಳಕೂ ಹೋಗುತ್ತದೆ ಎಂದು ಬಸ್ಸು ಹತ್ತಿದರು.

ಟ್ಯೂಬಕ್ಕ ಎಂಜಿನ್ ಚಾಲೂ ಮಾಡಿ, ಮೊದಲ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕಿನ ಹಿಡಿಯ ಮೇಲೆ ಕೈಯಿಟ್ಟಳು. ಅಷ್ಟೇ. ಕೈ ಅಲ್ಲಿಂದ ಅಲ್ಲಾಡಲಿಲ್ಲ. ಬಿಡಬೇಕೆಂದು ಅವಳು ಹೇಳುತ್ತಿದ್ದಳು, ಕೈ ಬೇರೆ ಯಾರದೋ ಆಗಿತ್ತು. ಗಾಜಿನಾಚೆ ರಸ್ತೆ ಒಂದು ಮಾರು ದೂರ ಬಿಳಿಯೊಳಗೆ ಬಾಗಿ ಮಾಯವಾಗಿತ್ತು. ಕ್ಲಚ್ಚಿನ ಮೇಲಿದ್ದ ಪಾದ ಪೆಡಲ್ಲನ್ನು ಕಟಕಟ ಅಲುಗಿಸಿತು.

"ಏನಾಯ್ತು?" ಎಂದರು ಆಕೆ.

"ಎಂಜಿನ್ ಬಿಸಿಯಾಗ್ಲಿ ಅಂತ."

ಗಂಡ ಮುಂದೆ ಬಂದು, ಆಗಲೇ ಬಿಸಿಯಾಗಿದ್ದ ಎಂಜಿನ್ನಿನ ಮುಚ್ಚಳದ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದ. ಇನ್ನಷ್ಟು ಹೊತ್ತು ಹೋಯಿತು. ಹಿಂದೆ ಯಾವುದೋ ಗಾಡಿ ಬಂದು ಹಾರನ್ ಬಾರಿಸಿ, ಬೇಸತ್ತು, ಪಕ್ಕದಿಂದ ಮಂಜಿನೊಳಗೆ ಹಾದುಹೋಯಿತು. ಅದರ ಕೆಂಪು ದೀಪ ಮುಳುಗುವುದನ್ನು ನೋಡುತ್ತಾ ಟ್ಯೂಬಕ್ಕ ಹೇಳಿದಳು:

"ನಂಗೆ ಭಯ ಆಗ್ತಿದೆ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡ ಈ ಮಾತನ್ನು ಅವಳ ಬಾಯಿಂದ ಕೇಳಿರಲಿಲ್ಲ. ಅವನು ಎದ್ದು ನಿಂತ, ಏನು ಮಾಡಬೇಕೆಂದು ತೋಚದೆ ಮತ್ತೆ ಕೂತ.

ಆಕೆ ಹೆದರಬೇಡಿ ಎನ್ನಲಿಲ್ಲ. "ಎಲ್ಲಿ ಆಗ್ತಿದೆ?" ಎಂದರು.

"ಎಲ್ಲಿ ಅಂದ್ರೆ?"

"ಮೈಯಲ್ಲಿ. ಹೊಟ್ಟೇಲಾ, ಎದೇಲಾ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಟ್ಯೂಬಕ್ಕ ಹುಡುಕಿ ನೋಡಿದಳು. "ಪಾದದಲ್ಲಿ. ಬಲಗಾಲಿಂದು. ಕೆಳಗೆ ಏನೂ ಇಲ್ಲ ಅನ್ನಿಸುತ್ತೆ. ಪೆಡಲ್ ಇದೆ, ಆದ್ರೂ ಏನೂ ಇಲ್ಲ."

"ಹೇಳ್ತಾ ಇರಿ."

"ಉಸಿರು ಮೇಲೇ ನಿಂತುಬಿಡುತ್ತೆ. ಒಳಗೆ ಹೋಗುತ್ತೆ, ಹೊರಗೆ ಬರಲ್ಲ. ಟ್ಯೂಬಾ ಊದೋರಿಗೆ ಹೀಗಾಗಬಾರದು." ಹೇಳುತ್ತಿದ್ದ ಹಾಗೆ ಕೈ ಹಿಡಿಯನ್ನು ಕೆಳಗಿಳಿಸಿತು, ಗಾಳಿ ಪುಸ್ಸೆಂದಿತು, ಬಸ್ಸು ಮುಂದಕ್ಕೆ ಜರುಗಿತು. "ಈಗ ಬಸ್ಸು ಹೊರಟಿದೆ. ಮುಳ್ಳು ತುಂಬಿದೆ ಅಂತಿದೆ. ನಾನು ಅದನ್ನ ನಂಬಲ್ಲ."

ಹಾಗೆಯೇ ಇಳಿದರು. ಅವಳು ಹೇಳುತ್ತಲೇ ಇದ್ದಳು, ಒಮ್ಮೊಮ್ಮೆ ಮಾತು, ಒಮ್ಮೊಮ್ಮೆ ಬರೀ ಎಳೆದ ಉಸಿರು. ಎಂಜಿನ್ನು ಮೊದಲ ಗೇರಿನಲ್ಲಿ ಒಂದೇ ಸಮನೆ ಗೊಣಗುತ್ತಿತ್ತು. ನಡೆದುಕೊಂಡು ಹೋಗುವವನೂ ಅವರನ್ನು ಹಿಂದೆ ಹಾಕಬಹುದಿತ್ತು. ಆಕೆ ಬಟ್ಟೆಚೀಲ ತೆರೆಯಲಿಲ್ಲ, ಏನನ್ನೂ ಬರೆದುಕೊಳ್ಳಲಿಲ್ಲ, ಸೀನು ಕೂಡ ಮರೆತವರ ಹಾಗೆ ಕೂತಿದ್ದರು. ಕಡಿದಾದ ತಿರುವೊಂದರಲ್ಲಿ ಬಿಳಿಯೊಳಗಿಂದ ಇದ್ದಕ್ಕಿದ್ದಂತೆ ಲಾರಿಯ ಹಿಂಬದಿ ಎದ್ದು ಬಂತು. ಕೆಟ್ಟು ನಿಂತ ಲಾರಿ, ದೀಪವಿಲ್ಲ. ಟ್ಯೂಬಕ್ಕ ಯೋಚಿಸಲಿಲ್ಲ. ಏನೂ ಇಲ್ಲವೆಂದುಕೊಂಡಿದ್ದ ಆ ಪಾದವೇ ಒತ್ತಿತು. ಬಸ್ಸು ನರಳಿ ನಿಂತಿತು. ಮುಂದಿನ ಗಾಜಿಗೂ ಲಾರಿಯ ಹಲಗೆಗೂ ನಡುವೆ ಒಂದು ಕೈ ತೂರುವಷ್ಟು ಜಾಗ. ಗಂಡನ ಗಲ್ಲ ಸರಳಿಗೆ ಬಡಿದು ರಕ್ತ ಬಂತು.

ಲಾರಿಯ ಕೆಳಗಿಂದ ಒಬ್ಬ ತಲೆ ಹೊರಗೆ ಹಾಕಿ, "ಸ್ಪ್ಯಾನರ್ ಇದ್ಯಾ?" ಎಂದು ಕೇಳಿದ. ಇತ್ತು, ಕೊಟ್ಟರು.

ಬುಡ ತಲುಪಿದ ಮೇಲೆ ಅವಳು ಬಸ್ಸು ನಿಲ್ಲಿಸಿ, ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿದಳು. ಗಂಡ ಒಂದು ಕೈಯಲ್ಲಿ ತನ್ನ ಗಲ್ಲ, ಇನ್ನೊಂದು ಕೈಯಲ್ಲಿ ಅವಳ ಹಣೆ ಹಿಡಿದುಕೊಂಡ. "ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಅಂತಾರಲ್ಲೇ" ಎಂದ ಸಮಾಧಾನಕ್ಕೆ.

"ಮಂಜೇ ಬೆಟ್ಟವಾಗಿ ಬಂದಿತ್ತಲ್ರೀ" ಎಂದಳು ಅವಳು, ಬಾಯಿ ಒರೆಸಿಕೊಂಡು.

ಸ್ವರದ ಹಾಳೆಗಳು ಬರುವ ಹೊತ್ತಿಗೆ ಚಳಿಗಾಲ ಕಳೆದಿತ್ತು. ಮೇಷ್ಟ್ರು ಕಟ್ಟು ಬಿಚ್ಚಿ, ಮೇಲಿನ ಹಾಳೆ ಓದಿ, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಸಂಗೀತದ ಹೆಸರು 'ಇಳಿಜಾರು'. ಅದರಲ್ಲಿ ಸೂರ್ಯೋದಯವಿರಲಿಲ್ಲ, ಶಿಖರವಿರಲಿಲ್ಲ, ಟ್ರಂಪೆಟ್ಟುಗಳು ಮೆರೆಯುವ ಜಾಗವೇ ಇರಲಿಲ್ಲ. ಮೊದಲಿಗೆ ಇಡೀ ಬ್ಯಾಂಡು ಸ್ವರವಿಲ್ಲದೆ ವಾದ್ಯಗಳೊಳಗೆ ಬರೀ ಗಾಳಿ ಊದಬೇಕು. ಆಮೇಲೆ ಟ್ಯೂಬಾ ಒಂದೇ ಮಂದ್ರ ಸ್ವರ ಹಿಡಿದು ನಿಲ್ಲಬೇಕು. ಉಳಿದವರೆಲ್ಲ ಆ ಸ್ವರದ ಸುತ್ತ ಮೇಲಿನಿಂದ ಕೆಳಕ್ಕೆ, ನಿಧಾನವಾಗಿ, ಇನ್ನೂ ನಿಧಾನವಾಗಿ ಇಳಿಯುತ್ತಾ ಬರಬೇಕು.

"ಬೆಟ್ಟ ಅಂದ್ರೆ ಹತ್ತಬೇಕಲ್ವಾ?" ಎಂದ ಕ್ಲಾರಿನೆಟ್ಟಿನವನು. "ಇದು ಶುರುವಾಗೋದೇ ಇಳಿಯೋದ್ರಿಂದ."

"ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದ ಹಾರ್ನಣ್ಣ. ಅವನ ಹಾಳೆಯಲ್ಲಿ ಮುಕ್ಕಾಲು ಪಾಲು ಸುಮ್ಮನಿರಬೇಕಾದ ಗುರುತುಗಳೇ ಇದ್ದವು.

ಟ್ಯೂಬಕ್ಕ ತನ್ನ ಹಾಳೆ ನೋಡುತ್ತಾ ತಣ್ಣಗಾಗಿದ್ದಳು. ಆ ಉದ್ದನೆಯ ಸ್ವರದ ಮೇಲೆ ಅಲ್ಲಲ್ಲಿ ಉಸಿರಿನ ಗುರುತುಗಳಿದ್ದವು, ಪಕ್ಕದಲ್ಲಿ ಬರಹ: 'ಉಸಿರು ಎಳೆದುಕೊಳ್ಳುವುದು ಸಭೆಗೆ ಕೇಳಿಸಲಿ.' ಟ್ಯೂಬಾ ಊದುವವರು ಜೀವಮಾನವೆಲ್ಲ ಉಸಿರನ್ನು ಕದ್ದೇ ಎಳೆದುಕೊಳ್ಳುತ್ತಾರೆ. ಕೇಳಿಸಿದರೆ ಅದು ಅವಮಾನ. ಇಲ್ಲಿ ಅದನ್ನೇ ಊರೆದುರು ಎಳೆ ಎನ್ನುತ್ತಿದ್ದಾರೆ. ಮಂಜಿನಲ್ಲಿ, ಮೂವರೇ ಇದ್ದ ಬಸ್ಸಿನಲ್ಲಿ ಎಳೆದ ಉಸಿರು ಅದು. ಅವಳಿಗೆ ಗುರುತು ಸಿಗದೆ ಇರುತ್ತದೆಯೇ?

ಮರುದಿನ ಊಟದ ಬಿಡುವಿನಲ್ಲಿ ಗಂಡನ ಅಂಗಡಿಯಿಂದ ಆಕೆಗೆ ಫೋನು ಮಾಡಿದಳು. ದನಿಯಲ್ಲಿ ಅರ್ಧ ಸಿಟ್ಟು, ಅರ್ಧ ಹೆದರಿಕೆ.

"ನನ್ನ ಭಯಾನ ಊರಿಗೆಲ್ಲಾ ಸಾರ್ತೀರಾ ಮೇಡಂ?"

"ನಿಮ್ಮದು ಅಂತ ನಾನು ಯಾರಿಗೂ ಹೇಳಿಲ್ಲ" ಎಂದರು ಆಕೆ. "ಮೊದಲೇ ನಿಮ್ಮನ್ನ ಕೇಳಬೇಕಿತ್ತು. ಅದು ಸರಿಯಾಗಲಿಲ್ಲ. ಆ ಸ್ವರ ತೆಗೆದು ಬೇರೆ ಬರೆದುಕೊಡ್ಲಾ? ಶಿಖರ, ಸೂರ್ಯ, ಎಲ್ಲಾ ಹಾಕಿ ಕೊಡ್ತೀನಿ. ಬೇಸರವಿಲ್ಲ."

"ನಿಮಗೆ ಅಲ್ಲಿ ಏನೂ ಕಾಣಿಸಲಿಲ್ವಲ್ಲ. ಸೂರ್ಯ ಎಲ್ಲಿಂದ ತರ್ತೀರಿ?"

"ಅದೇ ತಾನೆ ಕಷ್ಟ. ಅಲ್ಲಿ ನನ್ನ ಕಿವಿಗೆ ಬಿದ್ದದ್ದು ನಿಮ್ಮ ಉಸಿರೊಂದೇ."

ಟ್ಯೂಬಕ್ಕ ಫೋನು ಹಿಡಿದುಕೊಂಡೇ ನಿಂತಳು. ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ ಗಿರಾಕಿ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. "ಒಂದು ಸಲ ಅಭ್ಯಾಸ ಮಾಡಿ ನೋಡ್ತೀನಿ" ಎಂದಷ್ಟೇ ಹೇಳಿ ಇಟ್ಟಳು.

ಆ ಸಂಜೆಯ ಅಭ್ಯಾಸ ಮೊದಮೊದಲು ನಗೆಪಾಟಲಾಯಿತು. ಸ್ವರವಿಲ್ಲದೆ ಗಾಳಿ ಊದಿರೆಂದರೆ ಗೋದಾಮು ಪಂಕ್ಚರ್ ಅಂಗಡಿಯ ಹಾಗೆ ಬುಸುಗುಟ್ಟಿತು. ಮೇಷ್ಟ್ರು ಎರಡು ಸಲ ನಿಲ್ಲಿಸಿ ಬೈದರು. ಮೂರನೆಯ ಸಲ ಟ್ಯೂಬಾ ಸ್ವರ ಹಿಡಿಯಿತು. ಉಸಿರಿನ ಜಾಗ ಬಂದಾಗ ಅವಳು ಕಣ್ಣು ಮುಚ್ಚಿ, ಕೇಳಿಸುವ ಹಾಗೆ ಎಳೆದುಕೊಂಡಳು. ಕ್ಲಾರಿನೆಟ್ಟುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದವು, ಒಂದು ಕಡೆ ಹೊರಳಿದವು, ಟ್ರಾಂಬೋನು ಜಾರಿತು.

ಹಾರ್ನಣ್ಣ ತನ್ನ ಸರದಿ ಮರೆತು ಟ್ರಂಪೆಟ್ಟನ್ನು ತೊಡೆಯ ಮೇಲೆ ಇಳಿಸಿದ.

"ಯಾಕಯ್ಯಾ?" ಎಂದರು ಮೇಷ್ಟ್ರು.

"ಇದು ಬಾವಿ ತಿರುವು ಅಲ್ವಾ ಮೇಷ್ಟ್ರೇ?" ಬಾವಿ ತಿರುವು ಎಂದರೆ ಇಳಿಯುವಾಗ ಪ್ರಪಾತ ನೇರ ಬಾವಿಯ ಹಾಗೆ ಕಾಣುವ ಜಾಗ. "ಇಲ್ಲಿ ಹೀಗೇ ಆಗೋದು. ಬಸ್ಸು ಹೊರಳುತ್ತೆ, ಒಂದು ಗಳಿಗೆ ಮುಂದೆ ರಸ್ತೇನೇ ಇರಲ್ಲ."

"ಹೌದು ಕಣೋ" ಎಂದ ಹಿಂದೆ ಕೂತಿದ್ದ ಇನ್ನೊಬ್ಬ ಡ್ರೈವರ್, ಡೋಲಿನ ಮೇಲೆ ಕೋಲಿಟ್ಟು.

ಹಾರ್ನಣ್ಣ ಬಟ್ಟೆಯಿಂದ ಕೈ ಒರೆಸಿಕೊಂಡ. "ನಾನು ಅಲ್ಲಿ ಹಾರನ್ ಯಾಕೆ ಅಷ್ಟುದ್ದ ಹೊಡೀತೀನಿ ಅಂದ್ಕೊಂಡಿದ್ದೀರಿ? ಎದುರಿನ ಗಾಡಿಗೆ ಅಲ್ಲ." ಯಾರೂ ನಗಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಮತ್ತೆ ಮೊದಲಿಂದ" ಎಂದರು. ಬೇರೆ ಬರೆದುಕೊಡಿ ಎಂದು ಟ್ಯೂಬಕ್ಕ ಆಕೆಗೆ ಮತ್ತೆ ಫೋನು ಮಾಡಲಿಲ್ಲ.

ಸಂಗೀತ ಕಚೇರಿಯ ದಿನ ಪುರಭವನ ತುಂಬಿತ್ತು. ಬಾನುಲಿಯ ಹಳೆಯ ಹಾಡುಗಳನ್ನು, ಕವಾಯತಿನ ಧಾಟಿಗಳನ್ನು ಬ್ಯಾಂಡು ಸಲೀಸಾಗಿ ನುಡಿಸಿತು, ಜನ ಕಾಲು ತಟ್ಟಿದರು. 'ಇಳಿಜಾರು' ಕೊನೆಯದು. ಸಂಗೀತ ಬರೆದಾಕೆ ಮೊದಲ ಸಾಲಿನಲ್ಲಿ, ಈ ಸಲ ನೆಗಡಿಯಿಲ್ಲದೆ. ಗಂಡ ಬಾಗಿಲ ಹತ್ತಿರ ನಿಂತಿದ್ದ. ಕೂರಲು ಅವನಿಂದ ಆಗಿರಲಿಲ್ಲ.

ಟ್ಯೂಬಕ್ಕನ ಬಾಯಿ ಒಣಗಿತು. ನೀರು ಕುಡಿದರೂ ತುಟಿ ಹಸಿಯಾಗಲಿಲ್ಲ. ಒಣತುಟಿಗೆ ಟ್ಯೂಬಾ ಒಲಿಯುವುದಿಲ್ಲ. ಗಾಳಿಯ ಸದ್ದು ಸಭೆಯ ಮೇಲೆ ಹರಡಿದಾಗ ಮಾತಾಡುತ್ತಿದ್ದವರು ಸುಮ್ಮನಾದರು. ಅವಳು ಸ್ವರ ಹಿಡಿದಳು. ಹಿಡಿದದ್ದು ನಿಂತಿತು. ಮೊದಲ ಉಸಿರು ಎಳೆದಾಗ ಮುಂದಿನ ಸಾಲಿನ ಹೆಂಗಸೊಬ್ಬಳು ತಲೆಯೆತ್ತಿದ್ದು ಕಾಣಿಸಿತು. ಎರಡನೆಯ ಉಸಿರು. ಆಮೇಲೆ ಬಾವಿ ತಿರುವು. ಅಲ್ಲಿ, ಗುರುತಿಗಿಂತ ಬಹಳ ಮುಂಚೆಯೇ, ಅವಳ ಉಸಿರು ಮುಗಿದುಹೋಯಿತು. ಸ್ವರ ಸೀಳಿತು, ನಿಂತಿತು. ನಿಲ್ಲಬಾರದಾಗಿದ್ದ ಸ್ವರ ನಿಂತು ಇಡೀ ಪುರಭವನ ಕಾಲಕೆಳಗೆ ನೆಲವಿಲ್ಲದ ಹಾಗೆ ತೂಗಿತು. ಮೇಷ್ಟ್ರ ಕೋಲು ಗಾಳಿಯಲ್ಲೇ ಉಳಿಯಿತು. ಅವರ ಮುಖ ಬಿಳಿಚಿಕೊಂಡಿತ್ತು, ಆದರೆ ಕೋಲು ಇಳಿಯಲಿಲ್ಲ, ಕಾಯಿತು. ಟ್ಯೂಬಕ್ಕ ಬಾಯಿ ತೆರೆದು, ಮುಳುಗಿದವಳು ಮೇಲೆ ಬಂದ ಹಾಗೆ, ಉಸಿರು ಎಳೆದಳು. ಅದು ಬಾಗಿಲ ಹತ್ತಿರ ನಿಂತವನಿಗೂ ಕೇಳಿಸಿತು. ಮತ್ತೆ ಸ್ವರ ಬಂತು, ಮೊದಲಿಗಿಂತ ಒರಟಾಗಿ. ಉಳಿದವರು ಅದನ್ನು ಹಿಡಿದುಕೊಂಡು ಕೆಳಗಿಳಿದರು.

ಮುಗಿದ ಮೇಲೆ ಜನಕ್ಕೆ ಮುಗಿಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಚಪ್ಪಾಳೆ ಬಂತು, ಅಂಥ ಜೋರಿನದೇನಲ್ಲ. "ಬೆಟ್ಟ ಎಲ್ಲಿ ಬಂತು ಇದರಲ್ಲಿ?" ಎಂದು ಡಿಪೋ ಮ್ಯಾನೇಜರು ಯಾರನ್ನೋ ಕೇಳುತ್ತಿದ್ದರು. ಕೆಲವರಿಗೆ ಇಷ್ಟವಾಗಲಿಲ್ಲ, ಕೆಲವರು ಮಾತಾಡದೆ ಎದ್ದು ಹೋದರು. ಸಂಗೀತ ಬರೆದಾಕೆ ವೇದಿಕೆಯ ಹಿಂದೆ ಬಂದು ಟ್ಯೂಬಕ್ಕನ ಕೈ ಹಿಡಿದರು. "ನಿಲ್ಲಿಸಿಬಿಟ್ಟೆ ಮೇಡಂ" ಎಂದಳು ಅವಳು. "ನಾನು ಬರೆದಿರಲಿಲ್ಲ ಅದನ್ನ. ಬರೆಯೋಕೆ ನನಗೆ ಧೈರ್ಯ ಇರಲಿಲ್ಲ" ಎಂದರು ಆಕೆ.

ಹೊರಗೆ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಕಾಯುತ್ತಿದ್ದ. ಮೇಲಿನ ಹಳ್ಳಿಯ ಬಡಗಿ, ಐವತ್ತರ ಆಸುಪಾಸು, ಒಂದು ಕೈ ಮೊಣಕೈಯಲ್ಲಿ ಸ್ವಲ್ಪ ಸೊಟ್ಟ.

"ನಾನು ಆವತ್ತು ಆ ಬಸ್ಸಲ್ಲಿದ್ದೆ ತಾಯಿ" ಎಂದ.

ಟ್ಯೂಬಕ್ಕನ ಕಣ್ಣು ಅವನ ಕೈಯ ಮೇಲೆ ಬಿತ್ತು.

"ಒಂದು ಮಾತು ಕೇಳಬೇಕಿತ್ತು. ಆವತ್ತು ನಿಮಗೂ ಭಯ ಆಗಿತ್ತಾ?"

"ಆಗಿತ್ತು" ಎಂದಳು. "ಈಗಲೂ ಆಗುತ್ತೆ."

ಅವನು ತಲೆಯಾಡಿಸಿದ, ಬಹಳ ದಿನದ ಲೆಕ್ಕವೊಂದು ಕೊನೆಗೂ ಸರಿಹೋದವನ ಹಾಗೆ. "ನಿಮ್ಮ ಫೋಟೋ ನೋಡಿದಾಗೆಲ್ಲ, ಇವರು ಹೆದರಲಿಲ್ಲ, ನಾನೊಬ್ಬ ಪುಕ್ಕಲ ಅಂದ್ಕೊಳ್ತಿದ್ದೆ. ಆವತ್ತಿಂದ ನಾನು ಬಸ್ಸು ಹತ್ತಿಲ್ಲ. ಕಾಲುದಾರೀಲೇ ಇಳೀತೀನಿ, ಕಾಲುದಾರೀಲೇ ಹತ್ತುತೀನಿ. ಮಂಡಿ ನೋವು ಬಂದು ಮನೇಲಿ ಬೈದ್ರೂ ಬಿಟ್ಟಿಲ್ಲ. ಇವತ್ತೂ ಹಾಗೇ ಬಂದದ್ದು."

ಬಿಸಿಲು ಇಳಿಯುತ್ತಿತ್ತು. ಬೆಟ್ಟದ ಕೊನೆಯ ಬಸ್ಸು ಎದುರಿನ ಡಿಪೋದ ಗೇಟಿನಲ್ಲಿ ನಿಂತಿತ್ತು. ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಸೀಟಿನ ಹಿಂದೆ ತುರುಕಿ ಹಾರ್ನಣ್ಣ ಸ್ಟಿಯರಿಂಗ್ ಹಿಂದೆ ಕೂತಿದ್ದ.

"ಕತ್ತಲಾಗ್ತಾ ಬಂತು, ಕಾಲುದಾರಿ ಬೇಡ" ಎಂದಳು ಟ್ಯೂಬಕ್ಕ. "ಬನ್ನಿ, ಬಸ್ಸಲ್ಲಿ ಹೋಗೋಣ. ನಾನೂ ಬರ್ತೀನಿ."

"ನೀವು ಓಡಿಸ್ತೀರಾ?"

"ಇಲ್ಲ. ನನ್ನ ಕೈಲಿ ಆಗಲ್ಲ. ಪಕ್ಕದಲ್ಲಿ ಕೂರ್ತೀನಿ, ಅಷ್ಟೇ."

ಅವನು ಬಸ್ಸನ್ನು ನೋಡಿದ, ಬೆಟ್ಟವನ್ನು ನೋಡಿದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಹಿಂದಕ್ಕೆ ತೆಗೆದ. ಹಾರ್ನಣ್ಣ, ಆಶ್ಚರ್ಯವೆಂದರೆ, ಹಾರನ್ ಬಾರಿಸದೆ ಕಾದ. ಎರಡನೆಯ ಸಲ ಬಡಗಿ ಹತ್ತಿದ. ಗಂಡ ಟ್ಯೂಬಾವನ್ನು ಹೊತ್ತುಕೊಂಡು ಮನೆಯ ಕಡೆ ಹೋಗುತ್ತಾ, "ಇದು ಇಷ್ಟು ಭಾರ ಅಂತ ಇಷ್ಟು ದಿನ ಹೇಳಲೇ ಇಲ್ವಲ್ಲೇ" ಎಂದು ಗೊಣಗಿದ.

ಅವನ ಹಳ್ಳಿ ಬರುವವರೆಗೂ ಬಡಗಿ ಮುಂದಿನ ಸರಳನ್ನು ಬಿಡಲಿಲ್ಲ, ಟ್ಯೂಬಕ್ಕನೂ ಬಿಡಲಿಲ್ಲ. ಇಳಿದ ಮೇಲೆ ಅವನು ರಸ್ತೆಯಲ್ಲಿ ನಿಂತು ಎರಡೂ ಕಾಲನ್ನು ನೆಲಕ್ಕೆ ಒತ್ತಿ ನೋಡಿದ, ಆಮೇಲೆ ಕೈಯೆತ್ತಿ, ಮನೆಯ ಓಣಿಗೆ ತಿರುಗಿದ.

ಬಸ್ಸು ಖಾಲಿಯಾಯಿತು, ಕೆಳಮುಖವಾಗಿ ತಿರುಗಿತು. ಹಾರ್ನಣ್ಣ ಕನ್ನಡಿಯಲ್ಲಿ ಅವಳನ್ನು ನೋಡಿ, "ಮೊದಲ ಗೇರಲ್ಲೇ ಹೋಗ್ಲಾ ಟ್ಯೂಬಕ್ಕ?" ಎಂದು ಕೇಳಿದ.

"ನೀನು ದಿನಾ ಹೋಗೋ ಹಾಗೇ ಹೋಗಪ್ಪಾ" ಎಂದಳು. ಬಸ್ಸು ಇಳಿಯತೊಡಗಿತು. ಅವಳ ಬಲಪಾದ ಬರೀ ಹಲಗೆಯನ್ನು ಒತ್ತುತ್ತಿತ್ತು, ಕಿಟಕಿಯಾಚೆ ಕೆಳಗೆಲ್ಲೋ ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು. ಬಾವಿ ತಿರುವು ಬಂದಾಗ ಅವಳು ಜೋರಾಗಿ, ಡ್ರೈವರಿಗೆ ಕೇಳಿಸುವ ಹಾಗೆ, ಉಸಿರೆಳೆದುಕೊಂಡಳು. ಮುಂದೆ ಕೂತಿದ್ದ ಅವನೂ ಎಳೆದುಕೊಂಡ.